ಕೂಲಿ ಸಮ ಇದ್ದರೂ ಗುತ್ತಿಗೆ ಕಾರ್ಮಿಕರು ಬಾಯಿ ಬಿಡುವುದಿಲ್ಲ, ಯಾಕೆ?

ಶಿಫ್ಟ್_ಬಿ:
ಪೀಣ್ಯದ ಮಷೀನ್ ಶಾಪ್. ಕಾಯಂ 60 ಜನ, ಗುತ್ತಿಗೆ 110. ಒಂದೇ ಕೆಲಸ, ಒಂದೇ ಕೂಲಿ. ಆದರೂ ಟೂಲ್ ಸವೆದದ್ದು ಕಣ್ಣಿಗೆ ಕಂಡರೂ ಗುತ್ತಿಗೆಯವರು ಹೇಳುವುದಿಲ್ಲ, ರಿಜೆಕ್ಷನ್ ಬಂದ ಮೇಲೇ ಗೊತ್ತಾಗುತ್ತದೆ. ಇನ್ಸೆಂಟಿವ್ ಕೊಟ್ಟರೆ ಸರಿಹೋಗುತ್ತದೆಯೇ?

ಗೇಜ್_ರೂಮ್:
ಇನ್ಸೆಂಟಿವ್‌ನಿಂದ ಪೀಸಿನ ಲೆಕ್ಕ ಏರಬಹುದು, ಬಾಯಿ ತೆರೆಯುವುದಿಲ್ಲ. ಮನೋವಿಜ್ಞಾನಿಗಳಾದ ಟಾಮ್ ಟೈಲರ್ ಮತ್ತು ಸ್ಟೀವನ್ ಬ್ಲೇಡರ್ 2003ರಲ್ಲಿ ಇದನ್ನೇ ವಾದಿಸಿದರು: ತನ್ನನ್ನು ನಡೆಸಿಕೊಳ್ಳುವ ರೀತಿಯಲ್ಲೇ ನೌಕರ 'ಇಲ್ಲಿ ನನಗೆ ಬೆಲೆ ಇದೆಯೇ' ಎಂಬುದನ್ನು ಅಳೆಯುತ್ತಾನೆ. ಇದೆ ಅನ್ನಿಸಿದರೆ 'ಅವರ ಕಂಪನಿ' ಹೋಗಿ 'ನಮ್ಮ ಕಂಪನಿ' ಆಗುತ್ತದೆ. ಯಾರೂ ಹೇಳದೆ ಮಾಡುವ ಕೆಲಸ ಹುಟ್ಟುವುದು ಅಲ್ಲಿಂದ. ಸವೆದ ಟೂಲ್ ತೋರಿಸುವುದು ಅಂಥದ್ದೇ ಕೆಲಸ.

ಒಂದು ದಿನ ಗೇಟಿನಿಂದ ಊಟದ ತಟ್ಟೆಯವರೆಗೆ ಅವರ ಜೊತೆ ನಡೆದು ನೋಡಿ. ಬ್ಯಾಗ್ ತಪಾಸಣೆ ಅವರಿಗೆ ಮಾತ್ರವೇ? ಊಟಕ್ಕೆ ಕೊನೆಯ ಪಾಳಿಯೇ? ಸೂಪರ್‌ವೈಸರ್ ಹೆಸರು ಹಿಡಿದು ಕರೆಯುತ್ತಾನೋ, 'ಏಯ್ ಕಾಂಟ್ರಾಕ್ಟ್' ಅನ್ನುತ್ತಾನೋ? ಕೂಲಿ ಎಷ್ಟೇ ಸಮವಿರಲಿ, ಪಂಕ್ತಿಭೇದ ಇದ್ದಲ್ಲಿ ನಮ್ಮದು ಅನ್ನಿಸುವುದಿಲ್ಲ.

ಹಾಜರಿ_ಪುಸ್ತಕ:
ಮೊದಲು ಓಟಿ (ಓವರ್‌ಟೈಮ್) ಪಟ್ಟಿ ಸರಿಮಾಡಿ. ಬೇಕಾದವರಿಗೆ ಓಟಿ, ಬೇಡದವರಿಗೆ ರಾತ್ರಿ ಪಾಳಿ ಎಂಬ ಗುಮಾನಿ ಎಲ್ಲವನ್ನೂ ಕೆಡಿಸುತ್ತದೆ. ಕಾಯಂ, ಗುತ್ತಿಗೆ ಇಬ್ಬರಿಗೂ ಒಂದೇ ಸರದಿ ಪಟ್ಟಿ, ವಾರ ಮುಂಚೆ ಗೋಡೆಗೆ. ತಪ್ಪಿದ್ದರೆ ಯಾರಿಗೆ ಹೇಳಬೇಕು, ಎಷ್ಟು ದಿನದಲ್ಲಿ ಉತ್ತರ ಎಂಬುದೂ ಅದರಲ್ಲೇ ಇರಲಿ. 'ಇಲ್ಲ' ಅನ್ನುವಾಗಲೂ ಕಾರಣ ಹೇಳಿ. ಸಂಶೋಧಕ ಜೆರಾಲ್ಡ್ ಗ್ರೀನ್‌ಬರ್ಗ್ 1990ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ 10 ವಾರ 15% ಸಂಬಳ ಕಡಿತವಾಗಿದ್ದ ಎರಡು ಕಾರ್ಖಾನೆಗಳಿದ್ದವು. ಕಾರಣ ವಿವರವಾಗಿ, ವಿಷಾದದಿಂದ ಹೇಳಿದ ಕಡೆ ನೌಕರರ ಕಳವು ಇನ್ನೊಂದು ಕಡೆಗಿಂತ ಕಡಿಮೆ ಏರಿತು.

ಟೂಲ್ ತೋರಿಸಿದವನ ಮೇಲೇ ತಪ್ಪು ಹೊರಿಸುವುದು ನಿಲ್ಲಬೇಕು. ಅವನು ಹೇಳಿದ್ದನ್ನು ಅವನ ಹೆಸರಿನಲ್ಲೇ ಲಾಗ್ ಪುಸ್ತಕಕ್ಕೆ ಬರೆಯಿರಿ, ಏನು ಮಾಡಿದಿರಿ ಎಂಬುದನ್ನು ಮರುದಿನವೇ ತಿಳಿಸಿ.

ಶಿಫ್ಟ್_ಬಿ:
ಒಂದೇ ಬಣ್ಣದ ಅಂಗಿ, ಒಂದೇ ಕ್ಯಾಂಟೀನ್ ಕೊಟ್ಟರೆ ನಾಳೆ ಕಾಯಂ ಕೇಳುತ್ತಾರೆ ಎಂದು ಆಡಳಿತದವರು ಹೆದರುತ್ತಿದ್ದಾರೆ.

ಗೇಜ್_ರೂಮ್:
ಏರ್ ಇಂಡಿಯಾ ಕ್ಯಾಂಟೀನ್ ಪ್ರಕರಣದ 2014ರ ತೀರ್ಪಿನಲ್ಲಿ ಗುತ್ತಿಗೆಯವರು ಕಂಪನಿಯದೇ ನೌಕರರೇ ಎಂದು ತೀರ್ಮಾನಿಸಲು ಸುಪ್ರೀಂ ಕೋರ್ಟ್ ಹೇಳಿದ ಅಳತೆಗೋಲು ಬೇರೆ: ನೇಮಿಸುವವರು ಯಾರು, ಸಂಬಳ ಕೊಡುವವರು ಯಾರು, ಶಿಸ್ತುಕ್ರಮ ಮತ್ತು ವಜಾ ಯಾರ ಕೈಯಲ್ಲಿದೆ, ಕೆಲಸದ ಮೇಲೆ ಪೂರ್ಣ ಹಿಡಿತ ಯಾರದ್ದು. ಅಂಗಿಯ ಬಣ್ಣ ಆ ಪಟ್ಟಿಯಲ್ಲಿಲ್ಲ. ಆದರೆ ಅಂಗಿಯಿಂದ ಶುರುಮಾಡಬೇಡಿ. ಓಟಿ ಪಟ್ಟಿ ಹಾಗೇ ಇಟ್ಟು ಅಂಗಿ ಬದಲಿಸಿದರೆ ಯಾರೂ ನಂಬುವುದಿಲ್ಲ.