ಅಪ್‌ಡೇಟ್: ಐದೂವರೆ ತಾಸು ಹಿಂದೆ ಬೀಳ್ತಿದ್ದ ಗಡಿಯಾರ

ಲಿನಕ್ಸ್ ಮಿಂಟ್ ಅನ್ನೋ ಇನ್ನೊಂದು ಆಪರೇಟಿಂಗ್ ಸಿಸ್ಟಮ್ ಹಾಕಿದ ಮೇಲೆ ಅದೇ ಕಂಪ್ಯೂಟರಿನ ವಿಂಡೋಸ್‌ನಲ್ಲಿ ಟೈಮ್ ತಪ್ಪು ತೋರಿಸ್ತಿದೆ ಅಂತ ಕೇಳಿದ್ದೆನಲ್ಲ, ಬಗೆಹರೀತು. ಮಳೆಗಾಲದ ಥಂಡಿಗೆ ಮದರ್‌ಬೋರ್ಡ್ ಗಡಿಯಾರ ನಡೆಸೋ ಸೆಲ್ ಸತ್ತಿರಬೇಕು ಅಂದ್ಕೊಂಡು ಶಿರಸಿ ಪೇಟೆಗೆ ಹೋಗಿ ಸಿಆರ್‌2032 ಸೆಲ್ ತಂದು ಹಾಕಿದ್ದೆ. ದಂಡ.

ನಿನ್ನೆ ಕರೆಂಟ್ ಬಂದಮೇಲೆ ಗಮನಿಸಿದೆ: ಗೋಡೆ ಗಡಿಯಾರ 9:40, ವಿಂಡೋಸ್ 4:10. ಸೆಲ್ ಸತ್ತರೆ ಇಷ್ಟು ಲೆಕ್ಕವಾಗಿ ತಪ್ಪತ್ತಾ? ಲಿನಕ್ಸ್ ಮದರ್‌ಬೋರ್ಡ್ ಗಡಿಯಾರಕ್ಕೆ ಯುಟಿಸಿ (ನಮಗಿಂತ ಐದೂವರೆ ತಾಸು ಹಿಂದಿರೋ ಜಾಗತಿಕ ಸಮಯ) ಬರೆದಿಡುತ್ತೆ, ವಿಂಡೋಸ್ ಅದನ್ನೇ ನಮ್ಮ ಸಮಯ ಅಂತ ಓದುತ್ತೆ. ಕಮಾಂಡ್ ಟೈಪ್ ಮಾಡೋ ಮಿಂಟ್ ಟರ್ಮಿನಲ್‌ನಲ್ಲಿ ‘ಟೈಮ್‌ಡೇಟ್‌ಸಿಟಿಎಲ್ ಸೆಟ್-ಲೋಕಲ್-ಆರ್‌ಟಿಸಿ 1’ ಕೊಟ್ಟೆ (ಆ ಗಡಿಯಾರದಲ್ಲಿ ನಮ್ಮ ಸಮಯವನ್ನೇ ಇಡು ಅಂತ), ಈಗ ಎರಡರಲ್ಲೂ ಒಂದೇ. ಅದೇ ಕಮಾಂಡಿನ ಸ್ಟೇಟಸ್ ನೋಡಿದರೆ, ಹೀಗಿಟ್ಟರೆ ತೊಂದರೆ ಆಗುತ್ತೆ ಅಂತ ಎಚ್ಚರಿಕೆ ಬರುತ್ತೆ. ಬೇಸಿಗೆಗೆ ಗಡಿಯಾರ ತಿರುಗಿಸೋ ದೇಶದವರಿಗೆ ಅದು ತಲೆನೋವು, ನಮಗೆ ಆ ರಗಳೆ ಇಲ್ಲ.

ತೆಗೆದ ಹಳೇ ಸೆಲ್ ಆಯಿಯ ಅಡಿಗೆಮನೆ ತಕ್ಕಡಿಯಲ್ಲಿ ಚೆನ್ನಾಗೇ ಓಡ್ತಿದೆ.