ಸಹಾಯ ಬೇಕು: ‘ದಿ ಟೈಮ್ ಮೆಷೀನ್’ ಅನುವಾದದಲ್ಲಿ ಎರಡು ತೊಡಕುಗಳು

ಎಲ್ಲರಿಗೂ ನಮಸ್ಕಾರ. ಎಚ್. ಜಿ. ವೆಲ್ಸ್ ಅವರು 1895ರಲ್ಲಿ ಪ್ರಕಟಿಸಿದ ‘ದಿ ಟೈಮ್ ಮೆಷೀನ್’ ಕಾದಂಬರಿಯನ್ನು ಕನ್ನಡಕ್ಕೆ ತರುತ್ತಿದ್ದೇನೆ. ಎರಡು ಕಡೆ ಲೇಖನಿ ನಿಂತಿದೆ.

ಲೇಖಕರು ನಾಯಕನಿಗೆ ಹೆಸರನ್ನೇ ಇಡದೆ ಉದ್ದಕ್ಕೂ ‘ಟೈಮ್ ಟ್ರಾವೆಲರ್’ ಎಂದೇ ಕರೆದಿರುವುದರಿಂದ, ಮತ್ತೆ ಮತ್ತೆ ಬರುವ ಆ ಪದ ಕನ್ನಡದಲ್ಲಿ ಓದಿಗೆ ಭಾರವಾಗಬಾರದು. ‘ಕಾಲಯಾತ್ರಿಕ’ ಎಂದರೆ ತೀರ್ಥಯಾತ್ರೆ ನೆನಪಾಗುತ್ತದೆ. ‘ಕಾಲಪಯಣಿಗ’ ನನಗೆ ಹಿಡಿಸಿದೆ. ಇದಕ್ಕಿಂತ ಹಗುರವಾದ ಪದವಿದ್ದರೆ ದಯವಿಟ್ಟು ಸೂಚಿಸಿ.

ಎರಡನೆಯ ತೊಡಕು ನನ್ನನ್ನು ಹೆಚ್ಚು ಕಾಡುತ್ತಿದೆ. 8,02,701ನೇ ಇಸವಿಯಿಂದ ಮರಳಿದ ಆತ, ಅಲ್ಲಿ ಗೆಳತಿಯಾದ ವೀನಾ ಎಂಬಾಕೆ ಅವನ ಜೇಬಿನಲ್ಲಿಟ್ಟಿದ್ದ ಎರಡು ಬಾಡಿದ ಬಿಳಿ ಹೂಗಳನ್ನು ಮೇಜಿನ ಮೇಲಿಡುತ್ತಾನೆ. ಅತಿಥಿಯಾಗಿ ಬಂದ ವೈದ್ಯ ಎದ್ದು ದೀಪದ ಬಳಿ ಅವನ್ನು ಪರೀಕ್ಷಿಸಿ, ಹೂವಿನ ಹೆಣ್ಣುಭಾಗ ವಿಚಿತ್ರವಾಗಿದೆ ಎನ್ನುತ್ತಾನೆ. ಇಡೀ ಪಯಣಕ್ಕೆ ಉಳಿಯುವ ಸಾಕ್ಷಿ ಅಷ್ಟೇ. ಮೂಲದಲ್ಲಿ ಅವನ್ನು ದೊಡ್ಡ ಬಿಳಿ ‘ಮ್ಯಾಲೋ’ ಹೂಗಳಿಗೆ ಹೋಲಿಸಲಾಗಿದೆ. ಅದು ದಾಸವಾಳದ ಕುಟುಂಬದ್ದೇ ಆದರೂ, ‘ಬಿಳಿ ದಾಸವಾಳ’ ಎಂದು ಬರೆದರೆ ಲಂಡನ್ನಿನ ಹೊರವಲಯದ ಆ ಮನೆ ಮರೆಯಾಗಿ ನಮ್ಮ ಹಿತ್ತಿಲು ಕಣ್ಣಿಗೆ ಬರುತ್ತದೆ.

ಸಸ್ಯಶಾಸ್ತ್ರ ಬಲ್ಲವರು ಸೂಕ್ತ ಹೆಸರನ್ನು ತಿಳಿಸಬೇಕೆಂದೂ, ಈ ಕಾದಂಬರಿಯ ಹಳೆಯ ಕನ್ನಡ ಅನುವಾದ ಯಾರಲ್ಲಾದರೂ ಇದ್ದರೆ ಆ ಪುಟವನ್ನಷ್ಟೇ ಓದಲು ಕೊಡಬೇಕೆಂದೂ ಕೋರುತ್ತೇನೆ.