ಪದಚರ್ಚೆ: ‘ರಕ್ತ ಬದಲಾವಣೆ’ ಎಂದರೆ ಯಾವ ಅರ್ಥ?

ಮಾನ್ಯರೇ,

ಪಳಗಿದ ಮೂಸ್‌ಗಳ (ಇವು ಚಳಿನಾಡಿನ ದೊಡ್ಡ ಜಿಂಕೆಗಳು) ಗೊರಸಿನ ಗಾಯಕ್ಕೆ ಚಿಕಿತ್ಸೆ ನಡೆಯುವಾಗ ಅವುಗಳ ರಕ್ತದಲ್ಲಿ ಏನೇನು ವ್ಯತ್ಯಾಸ ಕಾಣುತ್ತದೆ ಎಂಬುದನ್ನು ಕನ್ನಡದಲ್ಲಿ ಬರೆಯಲು ಹೊರಟವನು ತಲೆಬರಹದಲ್ಲಿಯೇ ಎಡವಿದ್ದೇನೆ. ‘ಚಿಕಿತ್ಸೆಯ ವೇಳೆ ರಕ್ತ ಬದಲಾವಣೆ’ ಎಂದು ಬರೆದು ಮರುದಿನ ಓದಿದಾಗ, ಪ್ರಾಣಿಯ ಹಳೆಯ ರಕ್ತ ತೆಗೆದು ಬೇರೆಯದನ್ನು ಏರಿಸಿದರು ಎಂಬ ಅರ್ಥವೇ ಮೊದಲು ಹೊಳೆಯಿತು. ‘ಹವಾಮಾನ ಬದಲಾವಣೆ’ಯಲ್ಲಿ ಈ ತೊಡಕಿಲ್ಲ, ಏಕೆಂದರೆ ಹವಾಮಾನವನ್ನು ಯಾರೂ ತೆಗೆದು ಇನ್ನೊಂದನ್ನು ಹಾಕಲಾರರು, ರಕ್ತವನ್ನಾದರೋ ಹಾಕಬಹುದು.

‘ರಕ್ತದ ಏರುಪೇರು’ ಎಂದರೆ ಕೆಟ್ಟದ್ದೇನೋ ಆಗಿದೆ ಎಂಬ ಧ್ವನಿ ಬರುತ್ತದೆ. ಗೊರಸಿನ ಸೀಳಿನಲ್ಲಿ ಕೀವು ತುಂಬಿದಾಗ ನ್ಯೂಟ್ರೊಫಿಲ್ ಎಂಬ ಬಿಳಿ ರಕ್ತಕಣಗಳು ಹೆಚ್ಚುವುದು ದೇಹ ತನ್ನನ್ನು ಕಾಯ್ದುಕೊಳ್ಳುವ ಬಗೆ, ಗಾಯ ಮಾಯುತ್ತ ಬಂದಂತೆ ಅವು ಮೊದಲಿನ ಮಟ್ಟಕ್ಕೆ ಇಳಿಯುವುದೂ ಒಂದು ವ್ಯತ್ಯಾಸವೇ. ಎರಡನೆಯದನ್ನು ಏರುಪೇರು ಎನ್ನಲು ನನಗೆ ಮನಸ್ಸಿಲ್ಲ. ಸದ್ಯಕ್ಕೆ ‘ರಕ್ತದಲ್ಲಿ ಕಾಣುವ ವ್ಯತ್ಯಾಸಗಳು’ ಎಂದಿಟ್ಟುಕೊಂಡಿದ್ದೇನೆ. ಉದ್ದವಾಯಿತು, ಆದರೆ ತಪ್ಪುದಾರಿ ಹಿಡಿಸುವುದಿಲ್ಲ.

ಎರಡನೆಯ ಪ್ರಶ್ನೆ ‘ಸಾಕು’ ಮತ್ತು ‘ಪಳಗಿದ’ ಎಂಬ ಪದಗಳದ್ದು. ರಷ್ಯಾದ ಪೆಚೋರಾ-ಇಲಿಚ್ ರಕ್ಷಿತಾರಣ್ಯದಲ್ಲಿ 1949ರಲ್ಲಿ, ಕೊಸ್ತ್ರೊಮಾ ಪ್ರಾಂತ್ಯದ ಸುಮರೋಕೊವೊದಲ್ಲಿ 1963ರಲ್ಲಿ ಮೂಸ್ ಸಾಕಣೆ ಆರಂಭವಾಯಿತು. ಅಲ್ಲಿ ಮರಿಗಳಿಗೆ ಮನುಷ್ಯರೇ ಬಾಟಲಿಯಲ್ಲಿ ಹಾಲೂಡಿ ಬೆಳೆಸುತ್ತಾರೆ, ದೊಡ್ಡವು ಕಾಡಿನಲ್ಲಿ ಮೇಯುತ್ತವೆ, ಹೆಣ್ಣುಗಳು ಹಾಲು ಕರೆಸಿಕೊಳ್ಳಲು ತಾವಾಗಿ ಮರಳುತ್ತವೆ. ಆಕಳಿನಂತೆ ನೂರಾರು ತಲೆಮಾರುಗಳಿಂದ ಮನುಷ್ಯನ ಆಯ್ಕೆಯಲ್ಲಿ ರೂಪುಗೊಂಡ ತಳಿ ಇದಲ್ಲವಾದ್ದರಿಂದ ‘ಪಳಗಿದ’ ಎಂಬುದೇ ನನಗೆ ಸರಿ ಎನಿಸುತ್ತದೆ. ಇದು ಬರಿಯ ಪದದ ಹಟವಲ್ಲ. ಬೆದರಿದ ಪ್ರಾಣಿಯನ್ನು ಅಟ್ಟಿ ಹಿಡಿದರೆ ರಕ್ತಕಣಗಳನ್ನು ಕೂಡಿಟ್ಟುಕೊಳ್ಳುವ ಅಂಗವಾದ ಗುಲ್ಮ ಸಂಕೋಚಗೊಂಡು ಕೆಂಪು ರಕ್ತಕಣಗಳ ಪ್ರಮಾಣ ಏರುತ್ತದೆ, ಒತ್ತಡದ ಹಾರ್ಮೋನ್ ಆದ ಕಾರ್ಟಿಸಾಲ್ ಹೆಚ್ಚಿ ನ್ಯೂಟ್ರೊಫಿಲ್‌ಗಳು ಏರಿ ಲಿಂಫೊಸೈಟ್ ಎಂಬ ಇನ್ನೊಂದು ಬಗೆಯ ಬಿಳಿ ರಕ್ತಕಣಗಳು ಇಳಿಯುತ್ತವೆ. ಹೀಗಾದಾಗ ರಕ್ತದ ವರದಿಯಲ್ಲಿ ಗಾಯದ ಪಾಲೆಷ್ಟು, ಗಾಬರಿಯ ಪಾಲೆಷ್ಟು ಎಂದು ಬಿಡಿಸುವುದು ಕಷ್ಟ. ಕರೆದರೆ ಬಂದು ನಿಲ್ಲುವ ಪ್ರಾಣಿಯಲ್ಲಿ ಆ ಗೊಂದಲ ಕಡಿಮೆ, ಆ ಗುಣವನ್ನು ಹೇಳುವುದು ‘ಪಳಗಿದ’ ಎಂಬ ಪದವೇ.

ಪ್ರಾಣಿಯ ಹೆಸರನ್ನು ‘ಮೂಸ್’ ಎಂದೇ ಉಳಿಸಿದ್ದೇನೆ. ‘ಎಲ್ಕ್’ ಎಂದರೆ ಯೂರೋಪಿನಲ್ಲಿ ಇದೇ ಪ್ರಾಣಿ, ಉತ್ತರ ಅಮೆರಿಕದಲ್ಲಿ ಬೇರೆಯೇ ಜಿಂಕೆ. ‘ಕಡವೆ’ಯಂತೂ ಬೇರೆಯೇ ಪ್ರಾಣಿ.

ಕೊನೆಯದಾಗಿ, ಬಲಿಯದ ನ್ಯೂಟ್ರೊಫಿಲ್‌ಗಳು ರಕ್ತದಲ್ಲಿ ಹೆಚ್ಚಾಗಿ ಕಾಣಿಸಿಕೊಳ್ಳುವುದಕ್ಕೆ ವೈದ್ಯರು ‘ಲೆಫ್ಟ್ ಶಿಫ್ಟ್’ ಎನ್ನುತ್ತಾರೆ. ಎಳೆಯ ಕಣಗಳನ್ನು ಪಟ್ಟಿಯ ಎಡಕ್ಕೂ ಬಲಿತವನ್ನು ಬಲಕ್ಕೂ ಬರೆಯುವ ರೂಢಿಯಿಂದ ಬಂದ ಮಾತಿದು. ‘ಎಡಪಲ್ಲಟ’ ಎಂದು ಬರೆದು ನೋಡಿದೆ. ಓದಿದ ಗೆಳೆಯರೊಬ್ಬರು ‘ಎಡವಟ್ಟು’ ಎಂದುಕೊಂಡರು. ‘ಎಳೆಗಣಗಳ ಹೆಚ್ಚಳ’ ಎಂದರೆ ಪಟ್ಟಿಯ ಎಡ-ಬಲದ ನೆನಪು ಅಳಿದರೂ ಅರ್ಥ ನಿಲ್ಲುತ್ತದೆಯೇ, ಅಥವಾ ಪಶುವೈದ್ಯರ ನಡುವೆ ಇದಕ್ಕೆ ಆಗಲೇ ಬಳಕೆಯಲ್ಲಿರುವ ಕನ್ನಡ ಪದವಿದೆಯೇ ಎಂಬುದನ್ನು ಬಲ್ಲವರು ತಿಳಿಸಬೇಕೆಂದು ಕೋರುತ್ತೇನೆ.